ಬೆಕ್ಕು ಸೋಫಾ ಹತ್ತುವುದನ್ನು ಬಿಟ್ಟಾಗ: ದಪ್ಪಗಿರುವ ಡಯಾಬಿಟಿಸ್ ಬೆಕ್ಕಿನ ನೋವು ಮತ್ತು ನಡಿಗೆಯ ಆರೈಕೆ

ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುವುದು ಎಂಬ ಮಾತಿದೆ. ಕಾಲು ನಿಜವಾಗಿ ನೋಯುವ ಬೆಕ್ಕು ಮಾಡುವುದು ಅದರ ತದ್ವಿರುದ್ಧ: ಓಡಾಟವನ್ನೇ ನಿಲ್ಲಿಸುತ್ತದೆ. ಕೂಗುವುದಿಲ್ಲ, ಕುಂಟುವುದೂ ಕಡಿಮೆ. ಬೆಕ್ಕಿನ ಸಂಧಿವಾತ ಸಾಮಾನ್ಯವಾಗಿ ಎಡಬಲ ಎರಡೂ ಕೀಲುಗಳಲ್ಲಿ ಇರುವುದರಿಂದ, ಒಂದು ಕಾಲನ್ನು ಎತ್ತಿ ಇನ್ನೊಂದರ ಮೇಲೆ ಭಾರ ಹಾಕಿದರೂ ಅದಕ್ಕೆ ಆರಾಮ ಸಿಗುವುದಿಲ್ಲ. ಮನೆಯವರಿಗೆ ಕಾಣುವುದು ಇಷ್ಟೇ: ಈಗೀಗ ಮೇಲೆ ಹತ್ತುತ್ತಿಲ್ಲ, ದಿನವಿಡೀ ಮಲಗಿರುತ್ತದೆ, ಮುಟ್ಟಿದರೆ ಸಿಡುಕುತ್ತದೆ. ವಯಸ್ಸಾಯಿತು, ದಪ್ಪಗಿದೆ, ಸೋಮಾರಿ ಎಂದು ಸುಮ್ಮನಾಗುತ್ತಾರೆ.

ಸಕ್ಕರೆ ಕಾಯಿಲೆಯೂ ಇರುವ ಬೆಕ್ಕಿನಲ್ಲಿ ಹಾಗೆ ಸುಮ್ಮನಾಗುವುದು ದುಬಾರಿ. ಅದರ ನಡಿಗೆ ಕೆಡಲು ಕೀಲು, ನರ, ತೂಕ ಎಂಬ ಮೂರು ಕಾರಣಗಳಿರುತ್ತವೆ. ಮೂರಕ್ಕೂ ಮದ್ದು ಬೇರೆ. ಜೊತೆಗೆ, ಆಹಾರ ಬದಲಿಸಿ, ತೂಕ ಇಳಿಸಿ, ನೋವು ಕಡಿಮೆ ಮಾಡಿ, ಯಾವುದನ್ನು ಮಾಡಿದರೂ ಇನ್ಸುಲಿನ್ನಿನ ಲೆಕ್ಕ ಅಲುಗಾಡುತ್ತದೆ. ಈ ಎರಡನೆಯ ವಿಷಯವನ್ನು ಮರೆತಾಗಲೇ ಅನಾಹುತ ಆಗುವುದು.

ಮೊದಲು ಹಿಮ್ಮಡಿ ನೋಡಿ

ಬೆಕ್ಕು ಬೆರಳುಗಳ ಮೇಲೆ ನಡೆಯುವ ಪ್ರಾಣಿ. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದಂತೆ ಕಾಣುವ ಮೂಳೆಯ ಗಂಟು, ಅಂದರೆ ಅದರ ಹಿಮ್ಮಡಿ, ನಡೆಯುವಾಗ ನೆಲದಿಂದ ನಾಲ್ಕೈದು ಬೆರಳು ಎತ್ತರದಲ್ಲಿರಬೇಕು. ಫೋನನ್ನು ನೆಲದ ಮೇಲಿಟ್ಟು, ಬೆಕ್ಕು ಪಕ್ಕದಿಂದ ಹಾದುಹೋಗುವುದನ್ನು ಮತ್ತು ನಿಮ್ಮಿಂದ ದೂರ ನಡೆಯುವುದನ್ನು ಹತ್ತು ಹತ್ತು ಸೆಕೆಂಡ್ ವಿಡಿಯೊ ಮಾಡಿ, ನಿಧಾನಗತಿಯಲ್ಲಿ ನೋಡಿ.

ಹಿಮ್ಮಡಿ ನೆಲಕ್ಕೆ ತಾಗುತ್ತಿದ್ದರೆ ಅಥವಾ ಮೊಲದಂತೆ ಪಾದವಿಡೀ ಊರಿ ನಡೆಯುತ್ತಿದ್ದರೆ ಅದು ಹೆಚ್ಚಾಗಿ ಡಯಾಬಿಟಿಸ್‌ನ ನರದೌರ್ಬಲ್ಯ. ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದಾಗ ನರದ ತಂತುಗಳೂ ಅವುಗಳ ಹೊದಿಕೆಯೂ ಹಾಳಾಗುತ್ತವೆ. ಹಿಂಗಾಲಿಗೆ ಹೋಗುವ ಉದ್ದನೆಯ ನರಗಳಿಗೆ ಪೆಟ್ಟು ಮೊದಲು. ಇಂಥ ಬೆಕ್ಕಿನ ತೊಡೆ ಸೊರಗಿರುತ್ತದೆ, ನೆಗೆಯಲು ಹೋಗಿ ಜಾರುತ್ತದೆ, ಕೆಲವಕ್ಕೆ ಪಾದ ಮುಟ್ಟಿಸಿಕೊಳ್ಳುವುದೇ ಆಗದು. ಹಿಮ್ಮಡಿಯ ಹಿಂಭಾಗದ ಕೂದಲು ಸವೆದು ಚರ್ಮ ಒರಟಾಗಿದ್ದರೆ ಇದು ನಿನ್ನೆ ಮೊನ್ನೆಯದಲ್ಲ ಎಂದು ತಿಳಿಯಿರಿ.

ಹಿಮ್ಮಡಿ ಎತ್ತರದಲ್ಲೇ ಇದ್ದು ಹೆಜ್ಜೆ ಬಿಗಿಯಾಗಿದ್ದರೆ ಕೀಲಿನ ಕಡೆ ಅನುಮಾನ ತಿರುಗಿಸಿ. ನಿದ್ದೆಯಿಂದ ಎದ್ದಾಗ ನಾಲ್ಕು ಹೆಜ್ಜೆ ಮರಗಾಲಿನಂತೆ ಇಟ್ಟು ಆಮೇಲೆ ಸಡಿಲವಾಗುವುದು, ಒಂದೇ ನೆಗೆತದ ಜಾಗವನ್ನು ಎರಡು ಹಂತದಲ್ಲಿ ಹತ್ತುವುದು, ಇಳಿಯುವಾಗ ಮುಂಗಾಲನ್ನು ಗೋಡೆಗುಂಟ ಜಾರಿಸಿ ತೀರಾ ಕೆಳಗೆ ಬಂದ ಮೇಲೆ ಧುಮುಕುವುದು, ಮಲಮೂತ್ರದ ಟ್ರೇ ಒಳಗೆ ಹೋಗದೆ ಅದರ ಹೊರಗೇ ಮಲವಿಸರ್ಜನೆ ಮಾಡುವುದು, ಉಗುರು ದಪ್ಪವಾಗಿ ನೆಲಕ್ಕೆ ಟಕಟಕ ಬಡಿಯುವುದು. ಬೆನ್ನಿನ ಹಿಂಭಾಗದ ಕೂದಲು ಜಡೆಗಟ್ಟುವುದನ್ನು ಮಾತ್ರ ಕೀಲಿನ ತಲೆಗೆ ಕಟ್ಟಬೇಡಿ. ದಪ್ಪ ಬೆಕ್ಕಿಗೆ ಅಲ್ಲಿಗೆ ನಾಲಿಗೆಯೇ ಎಟುಕುವುದಿಲ್ಲ. ಎಷ್ಟೋ ಬೆಕ್ಕುಗಳಲ್ಲಿ ಕೀಲು, ನರ ಎರಡೂ ಕೆಟ್ಟಿರುತ್ತವೆ.

ಎರಡು ಸಂದರ್ಭಗಳಲ್ಲಿ ವಿಡಿಯೊ ಗಿಡಿಯೊ ಎನ್ನುತ್ತ ಕೂರಬಾರದು. ಹಿಂಗಾಲುಗಳು ಇದ್ದಕ್ಕಿದ್ದಂತೆ ಸೋತು, ಪಾದ ತಣ್ಣಗಾಗಿ, ಬೆಕ್ಕು ಜೋರಾಗಿ ಅರಚುತ್ತಿದ್ದರೆ ಅದು ರಕ್ತನಾಳಕ್ಕೆ ಹೆಪ್ಪು ಸಿಕ್ಕಿದ ಲಕ್ಷಣ. ಕುತ್ತಿಗೆ ಎತ್ತಲಾಗದೆ ಗದ್ದ ಎದೆಗೆ ಬಾಗಿದ್ದರೆ ಪೊಟ್ಯಾಸಿಯಂ ಕುಸಿದಿರಬಹುದು. ಎರಡರಲ್ಲೂ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಪಶುವೈದ್ಯರ ಬಳಿ ಏನು ಕೇಳಬೇಕು

ವಿಡಿಯೊ ತೋರಿಸಿ. ಪರೀಕ್ಷಾ ಮೇಜಿನ ಮೇಲೆ ಹೆದರಿ ಮುದುಡಿದ ಬೆಕ್ಕಿನ ನಡಿಗೆ ಯಾರಿಗೂ ಕಾಣಸಿಗುವುದಿಲ್ಲ. ನೋವಿನ ಔಷಧಿ ಶುರು ಮಾಡುವ ಮುಂಚೆ ಮೂತ್ರಪಿಂಡದ ರಕ್ತಪರೀಕ್ಷೆ, ಮೂತ್ರಪರೀಕ್ಷೆ, ರಕ್ತದೊತ್ತಡ, ಪೊಟ್ಯಾಸಿಯಂ, ಥೈರಾಯ್ಡ್ ಮತ್ತು ಹಿಂದಿನ ಎರಡು ಮೂರು ವಾರಗಳ ಸಕ್ಕರೆಯ ಸರಾಸರಿ ಅಂದಾಜು ಕೊಡುವ ಫ್ರಕ್ಟೋಸಮೀನ್ ಆಗಿರಲಿ. ಎಕ್ಸ್‌ರೇ ಉಪಯುಕ್ತವೇ, ಆದರೆ ಅದೇ ಕೊನೆಯ ಮಾತಲ್ಲ. ಎಕ್ಸ್‌ರೇಯಲ್ಲಿ ಕೀಲು ಭಯಂಕರವಾಗಿ ಕಂಡರೂ ಆರಾಮವಾಗಿರುವ ಬೆಕ್ಕುಗಳಿವೆ, ಚೆನ್ನಾಗಿ ಕಂಡರೂ ನರಳುವವೂ ಇವೆ.

ಇನ್ಸುಲಿನ್ ಡೋಸ್ ಏರುತ್ತಲೇ ಇದೆ, ಸಕ್ಕರೆ ಇಳಿಯುತ್ತಿಲ್ಲ, ಆದರೂ ತೂಕ ಹೆಚ್ಚುತ್ತಿದೆ, ಮುಖ ಮತ್ತು ಪಂಜ ಅಗಲವಾಗುತ್ತಿದೆ ಎಂದಾದರೆ ಬೆಳವಣಿಗೆಯ ಹಾರ್ಮೋನ್ ಅತಿಯಾಗಿ ಸ್ರವಿಸುವ ಆಕ್ರೊಮೆಗಲಿ ಬಗ್ಗೆ ಕೇಳಿ. ಅದು ಕೀಲನ್ನೂ ಕೆಡಿಸುತ್ತದೆ, ಇನ್ಸುಲಿನ್ನಿಗೂ ಜಗ್ಗುವುದಿಲ್ಲ. ಐಜಿಎಫ್-1 ಎಂಬ ರಕ್ತಪರೀಕ್ಷೆಯಲ್ಲಿ ಅದರ ಸುಳಿವು ಸಿಗುತ್ತದೆ.

ನರಕ್ಕೆ ಮದ್ದು ಸಕ್ಕರೆಯ ಹತೋಟಿಯೇ

ನರದೌರ್ಬಲ್ಯಕ್ಕೆ ಇದಕ್ಕಿಂತ ದೊಡ್ಡ ಔಷಧಿ ಇಲ್ಲ. ಸಕ್ಕರೆ ಹತೋಟಿಗೆ ಬಂದ ಮೇಲೆ ಹಿಮ್ಮಡಿ ಮೇಲೇಳಲು ವಾರಗಳಿಂದ ತಿಂಗಳುಗಳು ಬೇಕು. ಕೆಲವು ಬೆಕ್ಕುಗಳು ಪೂರ್ತಿ ಸುಧಾರಿಸುತ್ತವೆ, ಕೆಲವು ಅರ್ಧಕ್ಕೆ ನಿಲ್ಲುತ್ತವೆ. ಮಿಥೈಲ್‌ಕೊಬಾಲಮಿನ್ ರೂಪದ ಬಿ12 ಅನ್ನು ಅನೇಕರು ಜೊತೆಗೆ ಕೊಡುತ್ತಾರೆ. ಗಟ್ಟಿ ಪುರಾವೆ ಕಡಿಮೆ, ಅಪಾಯವೂ ಕಡಿಮೆ, ಕೊಡುವುದಾದರೆ ವೈದ್ಯರಿಗೆ ಹೇಳಿ ಕೊಡಿ. ಸಕ್ಕರೆ ಏರಿಯೇ ಇದ್ದರೆ ಅದೊಂದರಿಂದ ಏನೂ ಆಗದು. ಮನುಷ್ಯರ ನರದೌರ್ಬಲ್ಯಕ್ಕೆ ಬಳಸುವ ಆಲ್ಫಾ ಲಿಪೊಯಿಕ್ ಆಮ್ಲ ಮಾತ್ರ ಬೇಡವೇ ಬೇಡ. ನಾಯಿ ತಡೆದುಕೊಳ್ಳುವ ಪ್ರಮಾಣಕ್ಕಿಂತ ಎಷ್ಟೋ ಕಡಿಮೆಯಲ್ಲೇ ಅದು ಬೆಕ್ಕಿಗೆ ವಿಷ. "ನರಗಳ ಟಾನಿಕ್" ಎಂದು ಬರುವ ಮಾತ್ರೆಗಳಲ್ಲಿ ಇದು ಬಿ12 ಜೊತೆ ಬೆರೆತಿರುತ್ತದೆ, ಹಿಂಬದಿಯ ಸಣ್ಣ ಅಕ್ಷರ ಓದಿ.

ಇನ್ನೊಂದು ತಪ್ಪು ಸಿರಿಂಜಿನದು. ಇನ್ಸುಲಿನ್ ಒಂದು ಮಿಲಿಲೀಟರಿಗೆ 40 ಯೂನಿಟ್‌ನದು, 100 ಯೂನಿಟ್‌ನದು ಎಂದು ಹೆಚ್ಚಾಗಿ ಎರಡು ಸಾಂದ್ರತೆಗಳಲ್ಲಿ ಬರುತ್ತದೆ. ಯು-40 ಸಿರಿಂಜಿನಲ್ಲಿ 2 ಯೂನಿಟ್ ಗೆರೆಯವರೆಗೆ ಯು-100 ಇನ್ಸುಲಿನ್ ಎಳೆದರೆ ಬೆಕ್ಕಿಗೆ ಹೋಗುವುದು 5 ಯೂನಿಟ್. ಸೀಸೆಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಒಂದೇ ಇರಬೇಕು.

ನೋವಿನ ಔಷಧಿ: ಕೊಡಬೇಕಾದ್ದು, ಕೊಡಲೇಬಾರದ್ದು

ನಿಮ್ಮ ಔಷಧಿ ಪೆಟ್ಟಿಗೆಯಿಂದ ಯಾವುದೂ ಬೇಡ. ಪ್ಯಾರಾಸಿಟಮಾಲ್ ಅನ್ನು ಒಡೆದು ಹೊರಹಾಕುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ತೀರಾ ದುರ್ಬಲ. ಒಂದೇ ಮಾತ್ರೆ ರಕ್ತದ ಆಮ್ಲಜನಕ ಹೊರುವ ಶಕ್ತಿಯನ್ನು ಕೆಡಿಸಿ ಕೊಲ್ಲಬಲ್ಲದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳೂ ಅದೇ ಸಾಲಿನವು. ಸ್ಟೀರಾಯ್ಡ್ ಮಾತ್ರೆ ಅಥವಾ ದೀರ್ಘಕಾಲ ಕೆಲಸ ಮಾಡುವ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಎರಡು ದಿನ ಬೆಕ್ಕು ಚುರುಕಾದಂತೆ ಕಂಡೀತು. ಅಷ್ಟರಲ್ಲಿ ಇನ್ಸುಲಿನ್ ಕೆಲಸ ಮಾಡದಂತಾಗಿ ಸಕ್ಕರೆ ಏರಿರುತ್ತದೆ. ಬೇರೆ ಆಸ್ಪತ್ರೆಗೆ ಹೋದಾಗ ಡಯಾಬಿಟಿಸ್ ವಿಷಯವನ್ನು ಮೊದಲ ವಾಕ್ಯದಲ್ಲೇ ಹೇಳಿ.

ವೈದ್ಯರು ಬರೆದುಕೊಡುವವುಗಳಲ್ಲಿ ಮುಖ್ಯವಾದವು ಮೂರು.

*ಮೆಲೊಕ್ಸಿಕಾಮ್, ರೊಬೆನಕಾಕ್ಸಿಬ್.* ಉರಿಯೂತ ತಗ್ಗಿಸುವ ಈ ಔಷಧಿಗಳು ಕೀಲುನೋವಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಹತೋಟಿಯಿಲ್ಲದ ಸಕ್ಕರೆಯ ಬೆಕ್ಕು ಸದಾ ಮೂತ್ರ ಮಾಡಿ ನೀರು ಕಳೆದುಕೊಂಡಿರುತ್ತದೆ, ಒಣಗಿದ ದೇಹದಲ್ಲಿ ಇವು ಮೂತ್ರಪಿಂಡಕ್ಕೆ ಹೊಡೆಯುತ್ತವೆ. ಮೆಲೊಕ್ಸಿಕಾಮ್ ಅನ್ನು ಊಟದ ಜೊತೆಗೇ ಕೊಡಿ. ಊಟ ಬಿಟ್ಟರೆ, ವಾಂತಿ ಮಾಡಿದರೆ, ಮಲ ಕಪ್ಪಾದರೆ ಆ ದಿನವೇ ನಿಲ್ಲಿಸಿ ಫೋನ್ ಮಾಡಿ. ಅಳತೆಯಲ್ಲಿ ಎಚ್ಚರ ಎಷ್ಟು ಬೇಕೆಂದರೆ: ಬೆಕ್ಕಿನ ದ್ರವ ಮೆಲೊಕ್ಸಿಕಾಮ್‌ನಲ್ಲಿ ಒಂದು ಮಿಲಿಲೀಟರಿಗೆ 0.5 ಮಿಲಿಗ್ರಾಂ ಇರುತ್ತದೆ, ನಾಯಿಯದರಲ್ಲಿ 1.5. ದಿನಕ್ಕೆ 0.3 ಮಿಲಿಗ್ರಾಂ ಬರೆದುಕೊಟ್ಟಿದ್ದರೆ ಬೆಕ್ಕಿನ ಸೀಸೆಯಿಂದ 0.6 ಮಿಲಿಲೀಟರ್. ಅದೇ 0.6 ಅನ್ನು ಮನೆಯಲ್ಲಿದ್ದ ನಾಯಿಯ ಸೀಸೆಯಿಂದ ಎಳೆದರೆ 0.9 ಮಿಲಿಗ್ರಾಂ, ಅಂದರೆ ಮೂರು ಪಟ್ಟು. ಸಿರಿಂಜ್ ಅದೇ, ಗೆರೆಯೂ ಅದೇ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ದಿನನಿತ್ಯ ದೀರ್ಘಕಾಲ ಕೊಡುವ ಬಗ್ಗೆ ನಿಯಮ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಬೆಕ್ಕಿಗೆ ಮತ್ತೆ ಮತ್ತೆ ಕೊಡಬಾರದೆಂಬ ಎಚ್ಚರಿಕೆ ಲೇಬಲ್‌ನಲ್ಲೇ ಇದೆ, ಯೂರೋಪಿನಲ್ಲಿ ಕಡಿಮೆ ಡೋಸ್‌ನಲ್ಲಿ ದೀರ್ಘಕಾಲ ಕೊಡಲು ಅನುಮತಿ ಇದೆ.

*ಗ್ಯಾಬಪೆಂಟಿನ್.* ನರದ ನೋವಿಗೆ ಹೆಚ್ಚು ಹೊಂದುತ್ತದೆ. ಮೊದಲ ಕೆಲವು ದಿನ ತೂಕಡಿಕೆ, ತೂರಾಟ ಸಾಮಾನ್ಯ. ಮೂತ್ರಪಿಂಡ ಸರಿಯಿಲ್ಲದಿದ್ದರೆ ಡೋಸ್ ಇಳಿಸಬೇಕು. ಮನುಷ್ಯರ ದ್ರವರೂಪದ ಔಷಧಿಯಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರಬಹುದು, ವೈದ್ಯರನ್ನು ಕೇಳದೆ ತರಬೇಡಿ. ದೀರ್ಘಕಾಲ ಕೊಟ್ಟ ಮೇಲೆ ಒಂದೇ ಏಟಿಗೆ ನಿಲ್ಲಿಸಬೇಡಿ, ಹಂತಹಂತವಾಗಿ ಇಳಿಸಿ. ಈ ಔಷಧಿಯ ತೂರಾಟವೂ, ಸಕ್ಕರೆ ತೀರಾ ಇಳಿದಾಗಿನ ತೂರಾಟವೂ ನೋಡಲು ಒಂದೇ ತರಹ. "ಮಾತ್ರೆಯ ಮಂಪರು" ಎಂದು ಊಹಿಸಿ ಮಲಗಿಸಬೇಡಿ. ತೂರಾಡಿದಾಗಲೆಲ್ಲ ಗ್ಲುಕೋಮೀಟರ್ ಹಿಡಿಯಿರಿ.

*ಫ್ರುನೆವೆಟ್‌ಮ್ಯಾಬ್.* ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಚುಚ್ಚುಮದ್ದು. ನೋವಿನ ಸಂಕೇತ ಹೊರುವ ನರವರ್ಧಕ ಪ್ರೋಟೀನನ್ನು ತಡೆಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಜನವರಿಯಲ್ಲಿ ಬೆಕ್ಕಿನ ಸಂಧಿವಾತದ ನೋವಿಗೆ ಇದನ್ನು ಒಪ್ಪಿತು. ದಿನಾ ಬಾಯಿ ತೆರೆಸಿ ಮಾತ್ರೆ ಹಾಕುವ ಜಗಳ ತಪ್ಪುತ್ತದೆ. ತಲೆ, ಕುತ್ತಿಗೆಯ ಭಾಗದಲ್ಲಿ ತುರಿಕೆ, ಹಕ್ಕಳೆ ಬಂದರೆ ಮುಂದಿನ ಚುಚ್ಚುಮದ್ದಿಗೆ ಮುನ್ನ ತಿಳಿಸಿ. ಸಿಗುವ ಕಡೆ, ಕೀಲುನೋವೇ ಪ್ರಧಾನವಾಗಿರುವ ಡಯಾಬಿಟಿಸ್ ಬೆಕ್ಕಿಗೆ ಮೊದಲು ವಿಚಾರಿಸಬೇಕಾದ್ದು ಇದನ್ನೇ ಎಂಬುದು ನಮ್ಮ ಅಭಿಪ್ರಾಯ.

ಗ್ಲೂಕೋಸಮೀನ್ ಪುಡಿಗಳ ಮೇಲೆ ದೊಡ್ಡ ಭರವಸೆ ಇಡಬೇಡಿ. ಮೀನೆಣ್ಣೆಯ ಒಮೆಗಾ-3 ಸ್ವಲ್ಪ ನೆರವಾಗಬಹುದು, ಆದರೆ ಒಂದು ಟೀ ಚಮಚ ಎಣ್ಣೆ ಎಂದರೆ ಸುಮಾರು 40 ಕ್ಯಾಲರಿ, ಪಥ್ಯದಲ್ಲಿರುವ ಬೆಕ್ಕಿನ ದಿನದೂಟದ ಐದನೇ ಒಂದು ಪಾಲು! ಮೀನಿನ ಯಕೃತ್ತಿನ ಎಣ್ಣೆ ಬೇಡ, ಅದರಲ್ಲಿ ವಿಟಮಿನ್ ಎ ಅತಿಯಾಗುತ್ತದೆ.

ಒಂದೇ ಸಲಕ್ಕೆ ಎರಡು ಹೊಸ ಔಷಧಿ ಶುರು ಮಾಡಬೇಡಿ. ಒಂದನ್ನು ಕೊಟ್ಟು ಎರಡರಿಂದ ನಾಲ್ಕು ವಾರ ನೋಡಿ. ನೋವು ಇಳಿದರೆ ಒತ್ತಡದ ಹಾರ್ಮೋನುಗಳೂ ಇಳಿದು ಇನ್ಸುಲಿನ್ ಮೊದಲಿಗಿಂತ ಬಿರುಸಾಗಿ ಕೆಲಸ ಮಾಡೀತು. ಆ ವಾರಗಳಲ್ಲಿ ಸಕ್ಕರೆಯನ್ನು ಹೆಚ್ಚು ಬಾರಿ ಅಳೆಯಿರಿ.

ತೂಕ: ಕಣ್ಣಳತೆ ಸಾಲದು

ವೈದ್ಯರು ದೇಹಸ್ಥಿತಿಗೆ 9ರಲ್ಲಿ ಅಂಕ ಕೊಡುತ್ತಾರೆ, 5 ಆರೋಗ್ಯಕರ. ಪಕ್ಕೆಲುಬು ಸವರಿದರೆ ತೆಳು ಬಟ್ಟೆಯಡಿ ಇದ್ದಂತೆ ಕೈಗೆ ಸಿಗಬೇಕು. ಒತ್ತಿದರೂ ಸಿಗದಿದ್ದರೆ 7ರ ಆಚೆ ಇದೆ. 5ರ ಮೇಲಿನ ಪ್ರತಿ ಅಂಕಕ್ಕೆ ತೂಕ ಸುಮಾರು 10ರಿಂದ 15 ಶೇಕಡ ಹೆಚ್ಚಿದೆ ಎಂದು ಲೆಕ್ಕ.

7 ಕಿಲೋ ಬೆಕ್ಕಿನ ಗುರಿ 5 ಕಿಲೋ ಎಂದುಕೊಳ್ಳಿ. 5 × 5 × 5 ಎಂದು ಗುಣಿಸಿದರೆ 125. ಕ್ಯಾಲ್ಕುಲೇಟರಿನಲ್ಲಿ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿದರೆ 3.34, ಅದನ್ನು 70ರಿಂದ ಗುಣಿಸಿದರೆ 234. ವಿಶ್ರಾಂತಿಯಲ್ಲಿರುವ 5 ಕಿಲೋ ಬೆಕ್ಕಿಗೆ ದಿನಕ್ಕೆ ಬೇಕಾದ ಕ್ಯಾಲರಿ ಇದು. ತೂಕ ಇಳಿಸಲು ಇದರ 80 ಶೇಕಡ, ಸುಮಾರು 190 ಕ್ಯಾಲರಿಯಿಂದ ಶುರು ಮಾಡುವುದು ರೂಢಿ. ವಾರಕ್ಕೆ ಈಗಿನ ತೂಕದ ಅರ್ಧದಿಂದ ಒಂದು ಶೇಕಡ, ಅಂದರೆ 35ರಿಂದ 70 ಗ್ರಾಂ ಇಳಿದರೆ ಸರಿಯಾದ ವೇಗ. ಎರಡು ಕಿಲೋಗೆ ಒಂಬತ್ತು ಹತ್ತು ತಿಂಗಳು ಹಿಡಿಯುತ್ತದೆ, ಹಿಡಿಯಲಿ. ಆತುರಪಟ್ಟು ಉಪವಾಸ ಕೆಡವಿದರೆ ದಪ್ಪ ಬೆಕ್ಕಿನ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಎರಡು ಮೂರು ದಿನದಲ್ಲೇ ಜೀವಕ್ಕೆ ಸಂಚಕಾರ. ನಾವು ನಿಲ್ಲುವ ತೂಕದ ಯಂತ್ರ 100 ಗ್ರಾಂ ಆಚೀಚೆ ತೋರಿಸುತ್ತದೆ, ಅದರಲ್ಲಿ 50 ಗ್ರಾಂ ಕಾಣುವುದಿಲ್ಲ. ಹಸುಗೂಸುಗಳನ್ನು ತೂಗುವಂಥದ್ದು ಬೇಕು.

ಯಾವ ಆಹಾರ? ಡಯಾಬಿಟಿಸ್ ಬೆಕ್ಕಿಗೆ ಪಿಷ್ಟ ಕಡಿಮೆ ಇರುವ, ಡಬ್ಬಿಯಲ್ಲಿ ಬರುವ ತೇವದ ಆಹಾರ ಲೇಸು, ಒಟ್ಟು ಕ್ಯಾಲರಿಯಲ್ಲಿ ಪಿಷ್ಟದ ಪಾಲು ಸುಮಾರು 10 ಶೇಕಡ. ಡಬ್ಬಿಯ ಮೇಲೆ ಪಿಷ್ಟ ಬರೆದಿರುವುದಿಲ್ಲ, ಕಳೆದು ತೆಗೆಯಬೇಕು. 100 ಗ್ರಾಂನಲ್ಲಿ ಪ್ರೋಟೀನ್ 11, ಕೊಬ್ಬು 5, ನಾರು 0.5, ಬೂದಿ (ಅಂದರೆ ಖನಿಜಾಂಶ) 2, ತೇವಾಂಶ 79 ಎಂದಿದ್ದರೆ ಉಳಿಯುವ 2.5 ಗ್ರಾಂ ಪಿಷ್ಟ. ಪ್ರೋಟೀನ್, ಪಿಷ್ಟಗಳನ್ನು 3.5ರಿಂದಲೂ ಕೊಬ್ಬನ್ನು 8.5ರಿಂದಲೂ ಗುಣಿಸಿ ಕೂಡಿಸಿದರೆ 90 ಕ್ಯಾಲರಿ. ಅದರಲ್ಲಿ ಪಿಷ್ಟದ್ದು 9. ಈ ಆಹಾರವಾದರೆ ಪಾಸು. 190 ಕ್ಯಾಲರಿಗೆ ದಿನಕ್ಕೆ 210 ಗ್ರಾಂ, ತಕ್ಕಡಿಯಲ್ಲಿ ತೂಗಿ ಹಾಕಿ. ಲೋಟದಲ್ಲಿ ಅಳೆದರೆ ಕೈ ಉದಾರವಾಗುತ್ತದೆ.

ಒಣ ಆಹಾರದಿಂದ ಇದಕ್ಕೆ ಬದಲಾಯಿಸುವುದೇ ಇಡೀ ಕೆಲಸದ ಅತಿ ಅಪಾಯದ ಹಂತ. ಪಿಷ್ಟ ಇಳಿದ ಕೂಡಲೇ ಇನ್ಸುಲಿನ್ ಅಗತ್ಯವೂ ಇಳಿಯುತ್ತದೆ, ಕೆಲವೊಮ್ಮೆ ಎರಡು ಮೂರು ದಿನದಲ್ಲಿ. ಹಳೆಯ ಡೋಸ್ ಹಾಗೇ ಮುಂದುವರಿಸಿದರೆ ಸಕ್ಕರೆ ನೆಲಕಚ್ಚುತ್ತದೆ. ವೈದ್ಯರಿಗೆ ತಿಳಿಸಿ, ಏಳರಿಂದ ಹತ್ತು ದಿನಗಳಲ್ಲಿ ಕಾಲು ಕಾಲು ಭಾಗವಾಗಿ ಬದಲಾಯಿಸಿ. ಪ್ರತಿ ಇನ್ಸುಲಿನ್ನಿಗೆ ಮುನ್ನ ಅಳೆಯಿರಿ. ಎಷ್ಟಕ್ಕಿಂತ ಕಡಿಮೆ ಇದ್ದರೆ ಚುಚ್ಚಬಾರದು ಎಂಬ ಸಂಖ್ಯೆಯನ್ನು ಮುಂಚೆಯೇ ಬರೆಸಿಕೊಂಡು ಫ್ರಿಜ್ಜಿಗೆ ಅಂಟಿಸಿ.

ಡೆಸಿಲೀಟರಿಗೆ 60 ಮಿಲಿಗ್ರಾಂಗಿಂತ ಕೆಳಗೆ ಬಂದು ಬೆಕ್ಕು ತೂರಾಡುತ್ತಿದ್ದರೆ, ಮಂಕಾಗಿದ್ದರೆ, ನುಂಗಬಲ್ಲದಾದರೆ ತಕ್ಷಣ ಊಟ ಕೊಡಿ. ಇಲ್ಲವಾದರೆ ಜೇನು ಅಥವಾ ಗ್ಲೂಕೋಸ್ ಪಾಕವನ್ನು ಬೆರಳಲ್ಲಿ ಒಸಡಿಗೆ ಸವರಿ, ಆಸ್ಪತ್ರೆಗೆ ಹೊರಡಿ. ಫಿಟ್ಸ್ ಬಂದಿದ್ದರೆ ಬಾಯೊಳಗೆ ಬೆರಳು ಹಾಕಬೇಡಿ, ದ್ರವ ಸುರಿಯಬೇಡಿ.

ಇನ್ಸುಲಿನ್ ಬದಲು ಬಾಯಿಯ ಮೂಲಕ ಕೊಡುವ ಬೆಕ್ಸಾಗ್ಲಿಫ್ಲೊಜಿನ್ ಅಥವಾ ವೆಲಾಗ್ಲಿಫ್ಲೊಜಿನ್ ಔಷಧಿ ಕೊಡುತ್ತಿದ್ದರೆ ಅಪಾಯ ಬೇರೆ ರೂಪದ್ದು: ಸಕ್ಕರೆ ಸರಿಯಾಗಿಯೇ ತೋರಿಸುತ್ತಿದ್ದರೂ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಹುಟ್ಟುವ ಆಮ್ಲೀಯ ವಸ್ತು) ಏರಬಹುದು. ಆ ಬೆಕ್ಕು ಊಟ ಬಿಟ್ಟರೆ ಮೀಟರ್ ನೋಡಿ ಸಮಾಧಾನಪಡುವಂತಿಲ್ಲ, ಕೀಟೋನ್ ಪರೀಕ್ಷೆ ಮಾಡಿಸಿ.

ಮನೆಯನ್ನು ತಗ್ಗಿಸಿ

ಔಷಧಿ ಕೆಲಸ ಶುರು ಮಾಡುವ ಮುಂಚೆಯೇ ಇವತ್ತೇ ಮಾಡಬಹುದಾದ್ದು ಇದು. ಟ್ರೇಯಿಂದ ಶುರು ಮಾಡಿ. ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಇರುವ ಪ್ಲಾಸ್ಟಿಕ್ ಡಬ್ಬ ತನ್ನಿ, ಒಂದು ಬದಿಯನ್ನು ನೆಲದಿಂದ 6-7 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿ ದಪ್ಪ ಟೇಪ್ ಸುತ್ತಿ. ಉಳಿದ ಮೂರು ಬದಿ ಎತ್ತರವೇ ಇರಲಿ. ಕುಕ್ಕರಗಾಲಲ್ಲಿ ಕೂರಲಾಗದ ಬೆಕ್ಕು ನಿಂತೇ ಮೂತ್ರ ಮಾಡುತ್ತದೆ. ಟ್ರೇಗೆ ಹಾಕುವ ಮರಳಿನಂಥ ಪುಡಿ (ಲಿಟರ್) ನಯವಾಗಿರಲಿ, ಎರಡು ಮೂರು ಸೆಂಟಿಮೀಟರ್ ಸಾಕು. ಆಳವಾದರೆ ದುರ್ಬಲ ಕಾಲು ಹೂತುಹೋಗುತ್ತದೆ. ಡಯಾಬಿಟಿಸ್ ಬೆಕ್ಕಿನ ಮೂತ್ರ ಹೆಚ್ಚು, ದಿನಕ್ಕೆರಡು ಸಲ ಬಾಚಿ ತೆಗೆಯಿರಿ. ಹಿಮ್ಮಡಿ ಊರಿ ನಡೆಯುವ ಬೆಕ್ಕು ಆ ಒದ್ದೆಯಲ್ಲೇ ಕಾಲಿಡುತ್ತದೆ: ದಿನಾ ಸಂಜೆ ಹಿಮ್ಮಡಿಯ ಹಿಂಭಾಗ ನೋಡಿ, ಬೆಚ್ಚನೆ ನೀರಲ್ಲಿ ಒರೆಸಿ, ಒಣಗಿಸಿ. ಅಲ್ಲಿ ಕೆಂಪಗಾದರೆ ಹುಣ್ಣಾಗಲು ತಡವಿಲ್ಲ, ಸಕ್ಕರೆ ಹೆಚ್ಚಿರುವ ಮೈಯಲ್ಲಿ ಅದು ಬೇಗ ಮಾಯುವುದೂ ಇಲ್ಲ.

ಮೆಟ್ಟಿಲು ಮಾಡುವುದಾದರೆ ಒಂದೊಂದು 10ರಿಂದ 15 ಸೆಂಟಿಮೀಟರ್ ಎತ್ತರ, ಕಾಲಿಡಲು 25-30 ಸೆಂಟಿಮೀಟರ್ ಅಗಲ. ನರದೌರ್ಬಲ್ಯ ಹೆಚ್ಚಿದ್ದರೆ ಇಳಿಜಾರು ಹಲಗೆ ಮೇಲು. 45 ಸೆಂಟಿಮೀಟರ್ ಎತ್ತರದ ಸೋಫಾಕ್ಕೆ ಹಲಗೆ ಕನಿಷ್ಠ 130 ಸೆಂಟಿಮೀಟರ್ ಉದ್ದ ಬೇಕು. ಕಡಿಮೆಯಾದರೆ ಕಡಿದಾಗಿ ಬೆಕ್ಕು ಅದನ್ನು ಬಳಸುವುದಿಲ್ಲ. ಮೇಲೆ ಕಾರ್ಪೆಟ್ ತುಂಡು ಬಿಗಿಯಾಗಿ ಅಂಟಿಸಿ. ಮಲಗುವ ಜಾಗದಿಂದ ಟ್ರೇಗೂ ಊಟದ ಬಟ್ಟಲಿಗೂ ಜಾರದ ಚಾಪೆಯ ದಾರಿ ಹಾಸಿ. ಬಟ್ಟಲನ್ನು ಎಂಟು ಹತ್ತು ಸೆಂಟಿಮೀಟರ್ ಎತ್ತರಿಸಿದರೆ ಕುತ್ತಿಗೆ, ಮೊಣಕೈಗೆ ಆರಾಮ. ಉಗುರನ್ನು ಎರಡು ಮೂರು ವಾರಕ್ಕೊಮ್ಮೆ ಕತ್ತರಿಸಿ. ಬಿಟ್ಟರೆ ಸುರುಳಿಯಾಗಿ ಅಂಗಾಲಿಗೇ ಚುಚ್ಚುತ್ತದೆ.

ಬಿಸಿ ಹಾಸಿಗೆ ಕೀಲಿಗೆ ಹಿತ. ಆದರೆ ನರ ಸೋತ ಪಾದಕ್ಕೆ ಸುಡುವುದು ತಿಳಿಯುವುದಿಲ್ಲ. ವಿದ್ಯುತ್ ಪ್ಯಾಡ್ ಆದರೆ ಅತಿ ಕಡಿಮೆ ಬಿಸಿಯಲ್ಲಿ ದಪ್ಪ ಹೊದಿಕೆಯಡಿ ಇಡಿ, ಪಕ್ಕದಲ್ಲಿ ಬಿಸಿಯಿಲ್ಲದ ಜಾಗವೂ ಇರಲಿ.

ವ್ಯಾಯಾಮ ದಿನಕ್ಕೆ ಮೂರು ನಾಲ್ಕು ಸಲ, ಒಮ್ಮೆಗೆ ಮೂರರಿಂದ ಐದು ನಿಮಿಷ, ಊಟಕ್ಕೆ ಮುಂಚೆ. ಕಡ್ಡಿಗೆ ಕಟ್ಟಿದ ಗರಿಯನ್ನು ನೆಲದ ಮೇಲೇ ಎಳೆಯಿರಿ, ಗಾಳಿಯಲ್ಲಿ ಬೀಸಿ ನೆಗೆಸಬೇಡಿ. ಕಾಲು ಹಿಡಿದು ಜಗ್ಗುವ ವ್ಯಾಯಾಮವನ್ನು ಕಲಿಯದೆ ಮಾಡಬೇಡಿ.

ಬರೆದಿಡುವುದು

ಒಂದು ಪುಸ್ತಕದಲ್ಲಿ ದಿನಾ ಸಕ್ಕರೆ, ಇನ್ಸುಲಿನ್, ತಿಂದ ಗ್ರಾಂ, ವಾರಕ್ಕೊಮ್ಮೆ ತೂಕ, ಎರಡು ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಕೋನದಲ್ಲಿ ನಡಿಗೆಯ ವಿಡಿಯೊ. ಮೊದಲು ಮಾಡುತ್ತಿದ್ದು ಈಗ ಬಿಟ್ಟಿರುವ ನಾಲ್ಕು ಕೆಲಸಗಳನ್ನು ಆರಿಸಿ, ಕಿಟಕಿ ಹತ್ತುವುದು, ಬಾಲದ ಬುಡ ನೆಕ್ಕುವುದು, ಹೀಗೆ, ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ ಕೊಡುತ್ತ ಹೋಗಿ. ಔಷಧಿ ಹಿಡಿಯಿತೋ ಇಲ್ಲವೋ ಎಂಬುದಕ್ಕೆ "ಸ್ವಲ್ಪ ವಾಸಿ ಅನ್ನಿಸುತ್ತದೆ" ಎಂಬುದಕ್ಕಿಂತ ಇದು ಎಷ್ಟೋ ನಂಬಿಕೆಯ ಉತ್ತರ.

ಮೇಲೆದ್ದ ಹಿಮ್ಮಡಿ ಮತ್ತೆ ಇಳಿಯತೊಡಗಿದರೆ ನೋವಿನ ಔಷಧಿ ಹೆಚ್ಚಿಸುವ ಮಾತಾಡುವ ಮುಂಚೆ ಪುಸ್ತಕದ ಹಿಂದಿನ ಎರಡು ತಿಂಗಳ ಸಕ್ಕರೆ ನೋಡಿ. ಇನ್ಸುಲಿನ್ ಸೀಸೆಯ ಅವಧಿ ಮುಗಿದಿದೆಯೇ, ಅದು ಫ್ರೀಜರ್ ಗೋಡೆಗೆ ತಾಗಿ ಹೆಪ್ಪುಗಟ್ಟಿತ್ತೇ, ಮನೆಯಲ್ಲಿ ಯಾರಾದರೂ ಗುಟ್ಟಾಗಿ ಹಳೆಯ ಒಣ ಆಹಾರ ಹಾಕುತ್ತಿದ್ದಾರೆಯೇ, ಬಾಯಲ್ಲಿ ಹಲ್ಲಿನ ಕೀವು ಅಥವಾ ಮೂತ್ರದ ಸೋಂಕು ಸಕ್ಕರೆಯನ್ನು ಏರಿಸುತ್ತಿದೆಯೇ ಎಂದು ಒಂದೊಂದಾಗಿ ತಳ್ಳಿಹಾಕಿ, ಪುಸ್ತಕವನ್ನೂ ಸೀಸೆಯನ್ನೂ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ.